ಹಳದಿ ಬಸ್ಸಿನ ಮೆರವಣಿಗೆ

ನಾರ್ಬರ್ಟ್ ಸೋರೆನ್ಸನ್‌ನ ಬಸ್ಸನ್ನು ವೆರ್ಲಾ ನಾಲ್ಕು ಜನರೆದುರು ಕೋಳಿಗೂಡು ಎಂದು ಕರೆದದ್ದೇ ಎಲ್ಲಕ್ಕೂ ಕಾರಣ.

ವೆರ್ಲಾ, ಬಕ್‌ಹಾರ್ನ್ ಎಂಬ ಊರಿನ ಶಾಲೆಯ ಶತಮಾನೋತ್ಸವ ಸಮಿತಿಯ ಅಧ್ಯಕ್ಷೆ. ನಾರ್ಬರ್ಟ್ ನಿವೃತ್ತ ಅಂಚೆಯವ. ಯಾರದೋ ಹುಲ್ಲಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಐವತ್ತರ ದಶಕದ ಶಾಲಾ ಬಸ್ಸನ್ನು ತಂದು, ಚಳಿಗಾಲವೆಲ್ಲ ಅದರಡಿ ಮಲಗಿ ರಿಪೇರಿ ಮಾಡಿದ್ದ. ಶತಮಾನೋತ್ಸವದ ಪೆರೇಡಿನಲ್ಲಿ ಊರಿನ ಮಕ್ಕಳನ್ನು ತುಂಬಿಕೊಂಡು ಅದು ಎಲ್ಲರಿಗಿಂತ ಮುಂದೆ ಹೋಗಬೇಕು, ಅಷ್ಟೇ ಅವನ ಆಸೆ. ಬಸ್ಸಿನ ಮಾತೆತ್ತಿದರೆ ಅವನನ್ನು ತಡೆಯುವುದು ಕಷ್ಟ. ಕುದುರೆ ಗಾಡಿಯ ಕಾಲದಲ್ಲಿ ಮಕ್ಕಳು ಹಿಂದಿನಿಂದ ಹತ್ತುತ್ತಿದ್ದರಂತೆ, ಕುದುರೆ ಬೆದರಬಾರದೆಂದು. ಆಮೇಲಿನ ಮರದ ಬಸ್ಸುಗಳಲ್ಲಿ ಬೆಂಚುಗಳು ಉದ್ದಕ್ಕೆ ಇದ್ದು, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತಂತೆ. ಮುಂಜಾನೆಯ ಮಬ್ಬಿನಲ್ಲಿ ಕಪ್ಪು ಅಕ್ಷರ ಎದ್ದು ಕಾಣಲೆಂದೇ ಈ ಹಳದಿಯಂತೆ. ಕೇಳುವವರು ಅರ್ಧ ಕಾಫಿ ಬಿಟ್ಟು ಏಳುತ್ತಿದ್ದರು.

"ಎಲ್ಲಾ ಸರಿ. ಆ ಕೋಳಿಗೂಡು ನಡುದಾರೀಲಿ ಕೆಟ್ಟು ನಿಂತ್ರೆ ಮಕ್ಕಳನ್ನ ನೀನು ಹೊತ್ಕೊಂಡು ಹೋಗ್ತೀಯಾ?" ಎಂದಿದ್ದಳು ವೆರ್ಲಾ.

ಮರುದಿನ ಬೆಳಿಗ್ಗೆ ನಾರ್ಬರ್ಟ್ ಬಸ್ಸನ್ನು ಪೇಟೆಬೀದಿಗೇ ತಂದ. ಎದುರಿನಿಂದ ವೆರ್ಲಾಳ ಕಾರು ಬರುತ್ತಿತ್ತು. ಇದೇ ಸಮಯ ಎಂದುಕೊಂಡು ನಡುಬೀದಿಯಲ್ಲಿ ನಿಲ್ಲಿಸಿ ಲಿವರ್ ಎಳೆದ. ಬಸ್ಸಿನ ಪಕ್ಕದಿಂದ ಮಕ್ಕಳು ಹತ್ತಿ ಇಳಿಯುವಾಗ ಬೇರೆ ವಾಹನಗಳನ್ನು ತಡೆಯುವ 'ನಿಲ್ಲಿ' ಎಂಬ ಕೆಂಪು ಫಲಕ ಆನೆ ಕಿವಿಯಂತೆ ಬಿಚ್ಚಿಕೊಂಡಿತು. ಕೆಂಪು ದೀಪಗಳು ಮಿನುಗಿದವು. ವೆರ್ಲಾ ಗಕ್ಕನೆ ಬ್ರೇಕ್ ಹಾಕಿದಳು. ನಾರ್ಬರ್ಟ್ ಹಿಗ್ಗಿ ಹೀರೇಕಾಯಿಯಾದ.

ಫಲಕ ಒಳಗೆ ಹೋಗಲಿಲ್ಲ.

ಲಿವರ್ ತಳ್ಳಿದ, ಜಗ್ಗಿದ, ಒದ್ದ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಉದ್ದನೆಯ ಕಪ್ಪು ಗಾಡಿ ನಿಂತಿತ್ತು. ಅದರ ಹಿಂದೆ ಹಗಲಲ್ಲೇ ದೀಪ ಹಚ್ಚಿಕೊಂಡ ಕಾರುಗಳ ಸಾಲು. ಆಗ ನೆನಪಾಯಿತು. ಇವತ್ತು ಮಿಸ್ ಹುಲ್ಡಾ ಟೀಚರ ಮಣ್ಣು. ಅವನಿಗೆ ಅಕ್ಷರ ಕಲಿಸಿದವರು. ಲಿವರಿಗೆ ಎಣ್ಣೆ ಬಿಡುವ ಗಡಿಬಿಡಿಯಲ್ಲಿ ಅವನಿಗೆ ಅದು ಮರೆತೇ ಹೋಗಿತ್ತು.

ಹೆಣದ ಗಾಡಿಯ ಲೆಸ್ಟರ್ ಕಪ್ಪು ಕೋಟಿನಲ್ಲಿ ಇಳಿದು ಬಂದ. "ನಾರ್ಬರ್ಟ್, ಏನಿದು?"

"ಸಿಕ್ಹಾಕ್ಕೊಂಡಿದೆ ಮಾರಾಯ. ನೀನು ಪಕ್ಕದಿಂದ ದಾಟ್ಕೊಂಡು ಹೋಗ್ಬಿಡು."

"ಯಾರೂ ದಾಟೋ ಹಾಗಿಲ್ಲ," ಎಂದ ಅಷ್ಟರಲ್ಲಿ ಬಂದ ಪೊಲೀಸ್ ಡ್ವೇನ್. "ಫಲಕ ಹೊರಗಿದ್ರೆ ಎರಡೂ ಕಡೆಯವರು ನಿಲ್ಲಬೇಕು. ಕಾನೂನು."

"ಒಳಗೆ ಒಂದು ಮಗುವೂ ಇಲ್ಲವಲ್ಲೋ," ಎಂದ ನಾರ್ಬರ್ಟ್.

"ಕಾನೂನು ಮಗು ನೋಡಲ್ಲ, ಫಲಕ ನೋಡುತ್ತೆ."

ಕ್ಷೌರದಂಗಡಿಯ ವಾಲೇಸ್ ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಸುತ್ತಿಗೆ ಹಿಡಿದು ಓಡಿ ಬಂದ. ಒಂದೇ ಏಟು. ಲಿವರ್ ಕಿತ್ತು ನಾರ್ಬರ್ಟನ ಕೈಗೆ ಬಂತು.

"ಮಿಸ್ ಹುಲ್ಡಾ ಬದುಕಿದ್ದಾಗ ತಡವಾಗಿ ಬಂದವರನ್ನ ಗೋಡೆಗೆ ಮುಖ ಮಾಡಿ ನಿಲ್ಲಿಸ್ತಿದ್ರು," ಎಂದ ಲೆಸ್ಟರ್, ಗಡಿಯಾರ ನೋಡುತ್ತ. ನಾರ್ಬರ್ಟನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಕೊನೆಗೆ ಡ್ವೇನ್ ತಲೆ ಕೆರೆದುಕೊಂಡ. "ನಿಧಾನ ಮುಂದೆ ನಡೀರಿ. ಸ್ಮಶಾನದ ಹತ್ರ ಜಾಗ ಇದೆ, ಅಲ್ಲಿ ಪಕ್ಕಕ್ಕೆ ಹಾಕಿ. ನಾನು ನೋಡಿಲ್ಲ ಅಂದ್ಕೋತೀನಿ."

ಹಾಗೆ ಹೊರಟಿತು ಮೆರವಣಿಗೆ. ಮುಂದೆ ಕಿವಿ ಚಾಚಿದ ಹಳದಿ ಬಸ್ಸು, ಹಿಂದೆ ಮಿಸ್ ಹುಲ್ಡಾ. ಬೀದಿಯ ಜನ ಟೋಪಿ ತೆಗೆದರು. ಟೀಚರ ಶಿಷ್ಯರಾಗಿದ್ದ ಮುದುಕರು ಕಣ್ಣೊರೆಸಿಕೊಂಡರು. ನಾರ್ಬರ್ಟ್ ಸ್ಟೀರಿಂಗಿನ ಹಿಂದೆ ಆದಷ್ಟು ಕುಗ್ಗಿ ಕುಳಿತ. ಹೊರಗಿನವರಿಗೆ ಅದು ದುಃಖದಂತೆ ಕಂಡಿತು.

ಸ್ಮಶಾನದಲ್ಲಿ ಇಳಿಯುವುದೇ ತಡ, ಸಾಲಿನ ಕೊನೆಯ ಕಾರಿನಲ್ಲಿದ್ದ ಮಿಸ್ ಹುಲ್ಡಾರ ತಂಗಿಯ ಮಗಳು ಅವನ ತೋಳು ಹಿಡಿದು ಅತ್ತಳು.

"ದೊಡ್ಡಮ್ಮನಿಗೋಸ್ಕರ ಶಾಲೆ ಬಸ್ಸನ್ನೇ ತಂದ್ರಲ್ಲ. ಇಂಥ ಗೌರವ ಯಾರಿಗೆ ಹೊಳೀತಿತ್ತು ಹೇಳಿ."

ನಾರ್ಬರ್ಟ್ ಲೆಸ್ಟರನ ಕಡೆ ನೋಡಿದ. ಲೆಸ್ಟರ್ ಆಕಾಶ ನೋಡಿದ. ಡ್ವೇನ್ ಬೂಟು ನೋಡಿಕೊಂಡ. ನಿಜ ಹೇಳಲೆಂದು ನಾರ್ಬರ್ಟ್ ಬಾಯಿ ತೆರೆದ. ಆಕೆಯ ಕಣ್ಣೀರು ಕೋಟಿನ ತೋಳಿಗಿಳಿಯಿತು.

"ನಮ್ಮ ಟೀಚರಲ್ವಾ," ಎಂದುಬಿಟ್ಟ. ಹೇಳಿದ ಕೂಡಲೇ ಕಿವಿ ಕೆಂಪಗಾಯಿತು. ಜನ ಸಾಲಾಗಿ ಬಂದು ಕೈ ಕುಲುಕಿದರು. ಒಂದೊಂದು ಕುಲುಕಿಗೂ ಅವನು ಒಂದೊಂದು ಅಂಗುಲ ಗಿಡ್ಡನಾದ.

ಕಾರು ತಿರುಗಿಸಿಕೊಂಡು ಹಿಂದೆಯೇ ಬಂದಿದ್ದ ವೆರ್ಲಾಳ ಕಣ್ಣೂ ಕೆಂಪಾಗಿತ್ತು.

"ತಪ್ಪು ತಿಳ್ಕೊಂಡಿದ್ದೆ ನಾರ್ಬರ್ಟ್. ಟೀಚರ್ ದಾಟೋವರೆಗೂ ಊರನ್ನೇ ನಿಲ್ಲಿಸಿದೆಯಲ್ಲ. ಕೋಳಿಗೂಡು ಅಂದಿದ್ದನ್ನ ವಾಪಸ್ ತಗೊಂಡೆ."

ನಾರ್ಬರ್ಟನಿಗೆ ಮೊದಲ ಸಲ ಉಸಿರು ಬಂತು. "ಹಾಗಾದ್ರೆ ಪೆರೇಡು?"

"ಅಯ್ಯೋ, ಅದಾಗಲ್ಲ ಬಿಡು," ಎಂದಳು ಅವಳು ಮೃದುವಾಗಿ. "ಈಗ ಆ ಬಸ್ ಕಂಡ್ರೆ ಊರೆಲ್ಲ ಟೋಪಿ ತೆಗೆಯುತ್ತೆ. ಹೆಣದ ಮುಂದೆ ನಡೆದ ಗಾಡಿಗೆ ಮಕ್ಕಳನ್ನ ಯಾವ ತಾಯಿ ಹತ್ತಿಸ್ತಾಳೆ? ಪೆರೇಡಿಗೆ ಬೆಂಕಿ ಆರಿಸೋ ಗಾಡಿಗೆ ಹೇಳ್ತೀನಿ."

'ಅಲ್ಲ ವೆರ್ಲಾ, ಬರೀ ಲಿವರ್ ಸಿಕ್ಹಾಕ್ಕೊಂಡಿತ್ತು' ಅಂತ ಒಂದು ಮಾತು ಹೇಳಿದ್ದರೆ ಬಸ್ಸು ಮತ್ತೆ ಮಕ್ಕಳ ಬಸ್ಸಾಗುತ್ತಿತ್ತು. ಆದರೆ ಮಿಸ್ ಹುಲ್ಡಾರ ತಂಗಿಯ ಮಗಳು ಅವನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

ಲೆಸ್ಟರ್ ಹತ್ತಿರ ಬಂದು ಕಿವಿಯಲ್ಲಿ ಕೇಳಿದ: "ನಾಲ್ಕು ಮನೆಯವರು ಆಗಲೇ ನಿನ್ನ ಬಸ್ಸನ್ನ ವಿಚಾರಿಸಿದ್ರು. ಬುಧವಾರ ಒಂದು ಮಣ್ಣಿದೆ, ಬಿಡುವಿದೆಯಾ?"

ನಾರ್ಬರ್ಟ್ ತಲೆ ತಗ್ಗಿಸಿಕೊಂಡು, ಇದೆ ಎಂದ.