ನಮ್ಮ ಸೋದರತ್ತೆಯ ಉದ್ದದ ಪರದೆ

ಆಗುವುದೇ ಇಲ್ಲ ಎಂದು ಹೇಳಿದವರು ನಮ್ಮಪ್ಪ. ಮರಗೆಲಸದವರು. ಮಾತು ಕಮ್ಮಿ; ಒಮ್ಮೆ ಹಾಕಿದ ಗೆರೆ ಅಳಿಸುವವರಲ್ಲ. “ಎಂಗಸ್ರು ಮೊಬೈಲಲ್ಲಿ ತೆಗ್ದಿದ್ದ ಪಿಚ್ಚರ್ ಅಂತ ನಾಕ್ ಊರಲ್ಲಿ ತೋರ್ಸಾದು ಆಗಾಕಿಲ್ಲ. ಅದ್ರಲ್ಲೂ ನಮ್ಮನೇವ್ಳು ತೆಗ್ದಿರಾದು ಒರೀಕೆ ಓಗ್ಕೂಡ್ದು” ಎಂದು ಉಳಿ ಮಸೆಯುತ್ತಲೇ ತೀರ್ಪು ಕೊಟ್ಟರು. ಕೇಳಿಸಿಕೊಂಡವಳು ಅವರ ತಂಗಿ, ನನ್ನ ಸೋದರತ್ತೆ. ನೀವು ಅವಳನ್ನು ನೋಡಿಲ್ಲ, ಅದಕ್ಕೇ ನೆಮ್ಮದಿಯಾಗಿದ್ದೀರಿ. ಆಗುವುದಿಲ್ಲ ಎಂದು ಯಾರಾದರೂ ಅಂದರೆ ಅವಳಿಗೆ ಅದು ಮುಹೂರ್ತ ಇಟ್ಟುಕೊಟ್ಟ ಹಾಗೆ.

ಅತ್ತೆಗೆ ನಮ್ಮೂರು ಕೆ.ಆರ್.ಪೇಟೆಯಲ್ಲಿ ರವಿಕೆ ಹೊಲಿಯುವ ಅಂಗಡಿ. ಓದಿದ್ದು ನಾಲ್ಕನೇ ಕ್ಲಾಸು. ಅಳತೆಪಟ್ಟಿ ಅವಳ ಕೊರಳಲ್ಲಿ ತಾಳಿಗಿಂತ ಹೆಚ್ಚು ಹೊತ್ತು ಇರುತ್ತದೆ. ಒಂದು ದಿನ ಯಾರೋ ಗಿರಾಕಿ ತನ್ನ ಎಮ್ಮೆ ಕರು ಹಾಕಿದ್ದನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದಳಂತೆ. ಅತ್ತೆ ಎರಡು ಸಲ ನೋಡಿ, “ಥೇಟ್ರಲ್ಲಿ ಎರಿಗೆ ಆದ್ರೂ ಈರೋಯಿನ್ ತಲೆ ಕೆದ್ರಾಕಿಲ್ಲ. ಇದು ನೋಡು, ನಿಜವಾದ್ದು” ಎಂದಳು. ಅವತ್ತೇ ತೀರ್ಮಾನವಾಯಿತು. ಹೆಂಗಸರು ತೆಗೆದ ಪುಟ್ಟ ಪುಟ್ಟ ಚಿತ್ರಗಳನ್ನು ಊರಿನವರು ಕೂತು ನೋಡಬೇಕು. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಕೊನೆಗೆ ನಮ್ಮೂರು. ಈ ನಾಲ್ಕೇ ಯಾಕೆ? ಅವಳು ಹೊಲಿದ ರವಿಕೆ ತೊಡುವವರು ಇರುವುದು ಅಲ್ಲಿ. ಬೇರೆ ಭೂಗೋಳ ಅವಳಿಗೆ ಗೊತ್ತಿಲ್ಲ.

ಕಾರ್ಯದರ್ಶಿ ನಾನು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಮರದ ಹೊಟ್ಟಿನ ರಾಶಿಯ ಪಕ್ಕ ಕೂತು, ಸೀನುತ್ತಾ ಓದಿ, ಇಂಗ್ಲಿಷ್ ಪೇಪರನ್ನು ಮೂರು ಸಲ ಬರೆದು ಗಳಿಸಿದ್ದು. ಆ ಡಿಗ್ರಿಯನ್ನು ಅತ್ತೆ ಬಳಸಿಕೊಂಡದ್ದು ಪ್ಲಾಸ್ಟಿಕ್ ಕುರ್ಚಿ ಎಣಿಸಲಿಕ್ಕೆ. “ತಪ್ಪಿಲ್ದಂಗೆ ಎಣ್ಸಾಕೆ ಓದಿರೋರೇ ಬೇಕು ಕಣವ್ವ” ಎಂಬ ಗೌರವ ಬೇರೆ.

ಇನ್ನು ಚಿತ್ರಗಳನ್ನು ಒಟ್ಟುಮಾಡಿದ ಬಗೆ. ಇದನ್ನು ಪೊಲೀಸರಿಗೆ ಹೇಳಬೇಡಿ.

“ಅಕ್ಕ, ನನ್ ರವಿಕೆ ಆಯ್ತಾ?”

“ಆಗ್ಬುಟ್ಟದೆ. ನಿನ್ ಪಿಚ್ಚರ್ ಆಯ್ತಾ?”

“ನಾಳಿದ್ದು ನಾದ್ನಿ ಮದ್ವೆ ಕಣಕ್ಕ.”

“ಒಳ್ಳೇದಾಗ್ಲಿ. ಅದ್ನೇ ತೆಗಿ. ಅಲ್ಲೀಗಂಟ ರವಿಕೆ ಇಲ್ಲೇ ಇರ್ಲಿ.”

ಹೀಗೆ ಹಳೇ ರವಿಕೆಯಲ್ಲೇ ಮದುವೆಗೆ ಹೋಗಿಬಂದವರು ಇಬ್ಬರು. ಅವರಲ್ಲೊಬ್ಬಳು ಸೇಡು ತೀರಿಸಿಕೊಳ್ಳಲೆಂದೇ ಒಂದು ಚಿತ್ರ ತೆಗೆದಳು. ಅದರಲ್ಲಿ ರವಿಕೆಯನ್ನು ಬಚ್ಚಿಟ್ಟುಕೊಳ್ಳುವ ಒಬ್ಬ ದುಷ್ಟೆ ಇದ್ದಾಳೆ. ಅತ್ತೆ ಅದನ್ನು ನೋಡಿ, ನಾಗಮಂಗಲದಲ್ಲಿ ಮೊದಲು ತೋರಿಸುವುದು ಇದೇ ಎಂದು ಆಜ್ಞೆ ಮಾಡಿದಳು. ಸಲಹೆಯನ್ನೂ ಕೊಟ್ಟಳು: “ನಡೂಕೆ ಸಡ್ಲ ಆಗ್ಬುಟ್ಟದೆ, ಒಸಿ ಇಡಿ. ಕೊನೇಲಿ ಬಿಗಿ, ಉಸ್ರಾಡಾಕೆ ಜಾಗ ಬುಡು.” ಅವಳು ಹೇಳಿದ ಹಾಗೆ ಕತ್ತರಿಸಿದರೆ ಚಿತ್ರ ನಿಜಕ್ಕೂ ಮೈಗೆ ಕೂತ ಹಾಗೆ ಕೂರುತ್ತಿತ್ತು. ಡಿಗ್ರಿಯವಳಾದ ನಾನೂ ಒಪ್ಪಬೇಕಾಯಿತು.

ಅತ್ತೆಯದು ಎರಡೇ ನಿಯಮ. ಮನೆಯಲ್ಲಿ ಯಾರು ಬೇಡವೆನ್ನುತ್ತಾರೋ ಅವರಿಗೆ ಚಿತ್ರವನ್ನು ಮೊದಲು ತೋರಿಸಿ ರುಜು ಹಾಕಿಸಬೇಕು. ಆಮೇಲೆ ಚಿತ್ರ ತೆಗೆದವಳಿಗೆ ಸರ್ಟಿಫಿಕೇಟನ್ನು ಮುಖ್ಯ ಅತಿಥಿ ಕೊಡುವಂತಿಲ್ಲ. ಬೇಡವೆಂದವರೇ ವೇದಿಕೆ ಹತ್ತಿ ಕೊಡಬೇಕು. “ಕದ್ದು ತೋರ್ಸಾದಾದ್ರೆ ಮೊಬೈಲೇ ಸಾಕು, ನಾನ್ಯಾಕೆ?” ಎನ್ನುತ್ತಿದ್ದಳು.

ಶ್ರೀರಂಗಪಟ್ಟಣದಲ್ಲಿ ಆಟೋ ಓಡಿಸುವವರ ಮನೆಯ ಸೊಸೆಯೊಬ್ಬಳು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರಡುತ್ತಾ, ಒಬ್ಬಳೇ ಇರುವ ಸುಖವನ್ನು ಐದು ನಿಮಿಷ ತೆಗೆದಿದ್ದಳು. ಅವಳ ಗಂಡನ ತಾಯಿ ಕನ್ನಡಕ ಏರಿಸಿ ನೋಡಿ, ಬೇಡವೇ ಬೇಡ ಎಂದರು.

“ಯಾಕವ್ವ?” ಎಂದಳು ಅತ್ತೆ.

“ಅಲ್ಲಮ್ಮಾ, ಇಷ್ಟೊತ್ತು ನೋಡಿದ್ರೂ ನಾನು ಒಂದ್ಸಲಾನೂ ಇಲ್ವಲ್ಲ. ಮನೆಗೆ ದೊಡ್ಡೋಳು ನಾನೋ, ಮಿರ್ಚಿನೋ?”

ಮಾರನೆಯ ದಿನ ಮತ್ತೆ ಚಿತ್ರೀಕರಣ. ಹೊಸ ದುಪಟ್ಟಾ ಹೊದ್ದ ಹಿರಿಯರು ಈಗ ಆ ಚಿತ್ರದಲ್ಲಿ ಯಾವ ಕಾರಣವೂ ಇಲ್ಲದೆ ಮೂರು ಸಲ ಆ ಕಡೆಯಿಂದ ಈ ಕಡೆಗೆ ಹಾದುಹೋಗುತ್ತಾರೆ. ಒಂಟಿತನದ ಸುಖ ಹಾಳಾಯಿತು ನಿಜ. ಆದರೆ ಜನ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಲ್ಲೇ.

ಎಲ್ಲರ ಮನೆಯ ರುಜುವೂ ಬಂತು. ಬಾರದಿದ್ದದ್ದು ನಮ್ಮ ಮನೆಯದು.

ಅಪ್ಪ ಬಾಗಿಲು ಮಾಡುತ್ತಾರೆ. ಅದನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ನುಣುಪು ಮಾಡುವವಳು ಅಮ್ಮ. ನಾನು ಹುಟ್ಟುವ ಮೊದಲಿನಿಂದಲೂ ಹೀಗೇ. ಗಿರಾಕಿಗಳಿಗೆ ಇದು ಗೊತ್ತಿಲ್ಲ. ಅಮ್ಮ ತನ್ನ ಚಿತ್ರದಲ್ಲಿ ಆ ಬಾಗಿಲುಗಳಿರುವ ಮನೆಗಳಿಗೆ ಹೋಗುತ್ತಾಳೆ, ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದನ್ನು ಮರದ ಮೇಲೆ ಆಡಿಸುತ್ತಾಳೆ. ಮನೆಯವರು “ಆಚಾರ್ರ ಕೈ ಅಂದ್ರೆ ಕೈ ಕಣವ್ವ” ಎನ್ನುತ್ತಾರೆ. ಅಮ್ಮ “ಊಂ” ಎನ್ನುತ್ತಾಳೆ. ಹಾಗೆ ಆರು ಮನೆ. ಕೊನೆಗೆ ಅವಳ ಬೆರಳ ತುದಿಗಳು. ಗೆರೆಗಳೆಲ್ಲ ಸವೆದು, ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಅಷ್ಟೇ ಚಿತ್ರ.

ಅಪ್ಪ ಅದನ್ನು ನೋಡಿರಲಿಲ್ಲ. ವಿಷಯ ಕೇಳಿದ್ದಷ್ಟೇ ಸಾಕಾಗಿತ್ತು. “ಎಡ್ತಿ ಕೈಲಿ ಗೇಯ್ಸಿ ಎಸ್ರು ತಕ್ಕಂಡ ಅಂತಾರೆ” ಎಂದು ಮುಖ ತಿರುಗಿಸಿದ್ದರು. ಅಮ್ಮ ಜಗಳ ಆಡಲಿಲ್ಲ. ಮೂರೂ ಊರಿನ ಪ್ರದರ್ಶನಗಳಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಬೇರೆಯವರ ಚಿತ್ರ ನೋಡಿ ಬಂದಳು. ಉಳಿದದ್ದು ನಮ್ಮೂರೊಂದೇ. ಇಲ್ಲಿ ತಪ್ಪಿದರೆ ಅಮ್ಮನ ಚಿತ್ರ ಮೊಬೈಲಿನಲ್ಲೇ ಉಳಿಯುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಎಡವಟ್ಟು ಆಗಿತ್ತು. ನಮ್ಮ ಹೆಂಗಸರು ಅಷ್ಟೂ ಜನ ಮೊಬೈಲನ್ನು ನೆಟ್ಟಗೆ ನಿಲ್ಲಿಸಿ ತೆಗೆದಿದ್ದರು. ಮೂರೂ ಊರಲ್ಲಿ ಅಡ್ಡ ಪರದೆಯ ಮೇಲೆ ಚಿತ್ರ ನಡುವೆ ಲಾಡಿಯಂತೆ ಬೀಳುತ್ತಿತ್ತು, ಎರಡೂ ಕಡೆ ಕತ್ತಲು. ಪ್ರೊಜೆಕ್ಟರಿನವನು, ಎಲ್ಲಾ ತಪ್ಪಾಗಿ ತೆಗೆದಿದ್ದಾರೆ ಎಂದ. “ಅವ್ರೇನು ಮಲೀಕಂಡವ್ರಾ ಅಡ್ಡಡ್ಡ ತೆಗ್ಯಾಕೆ? ದಿನಾ ಪೂರ್ತಿ ನಿಂತೇ ಇರೋರು. ಉದ್ದುಕೇ ಬತ್ತದೆ. ತಪ್ಪಿರಾದು ನಿನ್ ಪರದೇಲಿ” ಎಂದಳು ಅತ್ತೆ. ನೇರ ಅಪ್ಪನ ಹತ್ತಿರ ಬಂದಳು.

“ಅಣ್ಣ, ಒಂದು ಬಾಗ್ಲು ಚೌಕಟ್ಟು ಬೇಕು. ಎರಡಾಳುದ್ದ. ಬಾಗ್ಲು ಬ್ಯಾಡ, ಆ ಜಾಗಕ್ಕೆ ಬಿಳೀ ಬಟ್ಟೆ.”

“ಬಾಗ್ಲಿಲ್ದ ಚೌಕಟ್ಟ ನಾನ್ ಮಾಡಾಕಿಲ್ಲ.”

“ಆಯ್ತು ಬುಡು. ಬಸ್‌ಸ್ಟ್ಯಾಂಡ್ ತಾವ ಇನ್ನೊಬ್ರು ಆಚಾರ್ರು ಅವ್ರೆ.”

ಮೂರೇ ದಿನದಲ್ಲಿ ಚೌಕಟ್ಟು ಸಿದ್ಧವಾಯಿತು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಸಮುದಾಯ ಭವನದ ಕಿಟಕಿಗಳಿಗೆಲ್ಲ ಅತ್ತೆ ರವಿಕೆಯ ಕಪ್ಪು ಲೈನಿಂಗ್ ಬಟ್ಟೆ ಕಟ್ಟಿದಳು. ಅಪ್ಪ ತೂಗುಗುಂಡು ಇಳಿಬಿಟ್ಟು ಚೌಕಟ್ಟು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. “ಬಟ್ಟೆ ಸುಕ್ಕು ಬಂದದಾ ನೋಡಣ್ಣ” ಎಂದ ಅತ್ತೆ ನನಗೆ ಕಣ್ಣು ಮಿಟುಕಿಸಿದಳು. ನಾನು ಪ್ರೊಜೆಕ್ಟರಿನ ಗುಂಡಿ ಒತ್ತಿದೆ.

ಚೌಕಟ್ಟಿನೊಳಗೆ ಒಂದು ಬಾಗಿಲು ಬಂದು ನಿಂತಿತು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಪ್ಪ ಗುರುತು ಹಿಡಿದರು, ಅವರದೇ ಬಾಗಿಲು. ತೂಗುಗುಂಡು ಕೈಯಲ್ಲಿ ಹಾಗೇ ಇತ್ತು. ಆರೂ ಮನೆ ಮುಗಿಯುವ ತನಕ ಅವರು ಕದಲಲಿಲ್ಲ. ಅಮ್ಮನ ಬೆರಳುಗಳು ಬಂದವು, ಹೋದವು. ಅಪ್ಪ ತೂಗುಗುಂಡಿನ ದಾರ ಸುತ್ತಿಕೊಳ್ಳುತ್ತಾ, “ಆ ಒಸೊಳಲು ಊರ್ ಮನೇದು, ಮೂರ್ನೇ ಬಾಗ್ಲು. ಇನ್ನೊಸಿ ಉಜ್ಬೇಕಿತ್ತು” ಎಂದರು.

“ಯಾರು ಉಜ್ಬೇಕಿತ್ತು?” ಎಂದಳು ಅತ್ತೆ.

“ಇನ್ಯಾರು, ಅವ್ಳೇ.”

“ಬಾಯಲ್ಲಿ ಬಂತಲ್ಲ. ಇಲ್ಲಿ ರುಜು ಆಕು.”

ಅಪ್ಪ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲಿನಲ್ಲೇ ರುಜು ಹಾಕಿದರು.

ಮಾರನೆಯ ದಿನ ಕುರ್ಚಿ ಸಾಲಲಿಲ್ಲ. ಎಣಿಸಿದವಳು ನಾನೇ, ತಪ್ಪು ನನ್ನದಲ್ಲ. ಬಾಗಿಲುಗಳಿದ್ದ ಆರೂ ಮನೆಯವರು ಬಂದಿದ್ದರು. ಚಿತ್ರ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ತಿರುಗಿ, ಹಿಂದಿನ ಸಾಲಿನಲ್ಲಿದ್ದ ಅಮ್ಮನ ಕೈ ನೋಡುತ್ತಿದ್ದರು.

ನಾಲ್ಕು ಊರಲ್ಲಿ ಮೈಕು ಬಿಡದೆ ಮಾತಾಡಿದ ಅತ್ತೆ, ಅಮ್ಮ ವೇದಿಕೆ ಹತ್ತಿದಾಗ “ನಮ್ಮತ್ಗೆ…” ಎಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದಳು. ಅಪ್ಪ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೆ ನಾನು ಬರೆದಿದ್ದ ಅಮ್ಮನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡರು. ಆಮೇಲೆ ಅವಳಿಗೆ ಕೊಟ್ಟರು.

“ಉಜ್ಜೋಳು ನೀನು ಅಂತ ನಾನು ಯಾರ್ಗೂ ಯೇಳ್ನಿಲ್ಲ ಕಣಮ್ಮಿ.”

ಅಮ್ಮ ಸರ್ಟಿಫಿಕೇಟಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು.

“ಬುಡಿ. ಈಗ ನಾನೇ ಯೇಳಿವ್ನಿ.”