ಭಾನುವಾರ ರಜೆ ಹಾಕುವ ದೆವ್ವ

"ನೋಡಿ, ಈ ಪಂಪು ನನ್ನ ಬೆರಳ ತುದೀಲಿದೆ!" ಎಂದು ಜಯಕುಮಾರ್ ಘೋಷಿಸಿದ ಗಳಿಗೆಯಲ್ಲೇ ತೋಟದ ಪೈಪು ಭುಸ್ಸೆಂದು ಬಾಯಿಬಿಟ್ಟು, ಎದುರಿಗೆ ನಿಂತಿದ್ದ ಆದಿನಾರಾಯಣಪ್ಪನವರಿಗೆ ಇಸ್ತ್ರಿ ಮಾಡಿದ ಬಿಳಿ ಪಂಚೆಯ ಸಮೇತ ಅಭಿಷೇಕ ಮಾಡಿತು. ಶುಕ್ರವಾರ ಒಳ್ಳೆಯ ದಿನವೆಂದು, ಜಯಕುಮಾರನ ತಂಗಿ ದಿವ್ಯಳನ್ನು ಮಗನಿಗೆ ಕೇಳಲು ಹೊಸಕೋಟೆಯಿಂದ ಕುಂದಾಣಕ್ಕೆ ಬಂದಿದ್ದವರು ಅವರು. ಪಂಚೆಯಿಂದ ನೀರಿಳಿಯಿತು, ಜಯಕುಮಾರನ ಮುಖದಿಂದಲೂ. ಅವನ ಬೆರಳು ಫೋನನ್ನು ಮುಟ್ಟಿಯೇ ಇರಲಿಲ್ಲ!

"ಯಾಕೋ ಶಕುನ ಸರಿ ಇಲ್ಲ. ಯೋಚ್ನೆ ಮಾಡಿ ಹೇಳ್ತೀವಿ," ಎಂದು ಅವರು ಒದ್ದೆಯಲ್ಲೇ ಕಾರು ಹತ್ತಿದರು.

ಅಪ್ಪ ನರಸಿಂಹಯ್ಯ ಮಗನತ್ತ ತಿರುಗಿದರು. "ಲೇ, ಅದು ತಾನಾಗೇ ಯಾಕೆ ಓಡ್ತು ಅಂತ ಪತ್ತೆ ಮಾಡು. ಅವರಿಗೊಂದು ಕಾರಣ ಹೇಳ್ದೆ ಹೋದ್ರೆ ಈ ಸಂಬಂಧ ಕೈಬಿಟ್ಟು ಹೋದಂಗೇ!"

ಜಯಕುಮಾರ್ ಮನೆಯ ಸ್ವಯಂಘೋಷಿತ ಇಂಜಿನಿಯರು. ತಿಂಗಳ ಹಿಂದೆ ಪಂಪಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿದವನೂ ಅವನೇ. ಡಬ್ಬಿಯೊಳಗೊಂದು ಸಿಮ್, ಆ ನಂಬರಿಗೆ ಕರೆ ಮಾಡಿದರೆ ಒಂದೇ ರಿಂಗಿಗೆ ಕಟ್ಟಾಗಿ ಪಂಪು ಶುರು, ಇನ್ನೊಮ್ಮೆ ಮಾಡಿದರೆ ಬಂದ್. ಮನೆಯವರಿಗೆಲ್ಲ ಅನುಕೂಲವಾಗಲೆಂದು ಯಾರ ಕರೆಗಾದರೂ ಓಗೊಡುವಂತೆ ಉದಾರವಾಗಿ ಬಿಟ್ಟಿದ್ದ. ಫೋನಿನ ವಿಷಯದಲ್ಲಂತೂ ಮಹಾ ಜಾಣ! ಅಂಗಡಿಗಳಲ್ಲಿ ಬಿಲ್ಲು ಹಾಕಿಸುವಾಗ ಸ್ವಂತ ನಂಬರ್ ಒದರುವ ದಡ್ಡರನ್ನು ಕಂಡರೆ ಅವನಿಗೆ ನಗು. ಅವನಿಗೆ ಬೇಡದ ಕರೆ ಒಂದೂ ಬಂದದ್ದಿಲ್ಲ.

ಮಹಾಕಾರ್ಯ ಆರಂಭವಾಯಿತು. ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದ. ವೈರು ಬಿಚ್ಚಿ ಕಟ್ಟಿದ. ಯಾವುದೋ ವೀಡಿಯೊ ನೋಡಿ ಆಂಟೆನಾ ತಿರುಗಿಸಿದ. ಶನಿವಾರ ಪಂಪು ಮತ್ತೆ ತನ್ನಿಷ್ಟಕ್ಕೆ ಓಡಿ, ಸೇವಂತಿಗೆ ಸಾಲುಗಳನ್ನು ಕೆರೆ ಮಾಡಿತು! ಅಮ್ಮ ಮುತ್ತಮ್ಮ ಡಬ್ಬಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಭಾನುವಾರ ಪೂರ್ತಿ ಸದ್ದಿಲ್ಲ.

"ನೋಡ್ದಾ? ದೆವ್ವ ಓಡೋಯ್ತು!" ಎಂದರು ಮುತ್ತಮ್ಮ.

"ಅತ್ತೆ, ಹೋದ ವಾರಾನೂ ಅದು ಹೀಗೇ ಓಡ್ತಿತ್ತು, ಮನೇಲಿ ಯಾರೋ ಹಾಕಿದಾರೆ ಅಂದ್ಕೊಂಡಿದ್ದೆ. ಆಗ್ಲೂ ಭಾನುವಾರ ಓಡಿರ್ಲಿಲ್ಲ," ಎಂದಳು ಹೆಂಡತಿ ಪ್ರಮೋದಾ. "ರೀ, ಭಾನುವಾರ ರಜೆ ಹಾಕೋ ದೆವ್ವ ಎಲ್ಲಾದ್ರೂ ಇದ್ಯಾ? ಆ ಸಿಮ್ ತೆಗೆದು ನಿಮ್ಮ ಫೋನಿಗೆ ಹಾಕಿ. ಯಾರು ಕೂಗ್ತಾರೆ ಕೇಳೋಣ."

ಸೋಮವಾರ ಬೆಳಗ್ಗೆ ಫೋನು ಬಡಿದುಕೊಂಡಿತು. ಎಲ್ಲರೂ ಸುತ್ತುವರಿದರು. ಜಯಕುಮಾರ್ ಸ್ಪೀಕರ್ ಒತ್ತಿದ.

"ಜಯಕುಮಾರ್ ಸಾರಾ?" ಎಂದಿತು ಒಂದು ಹೆಣ್ಣುದನಿ. "ಬಟ್ಟೆ ಅಂಗಡಿಯಿಂದ. ನಮ್ ಲಕ್ಕಿ ಡ್ರಾದಲ್ಲಿ ನಿಮಗೆ ಬಹುಮಾನ ಬಂದಿದೆ. ಭಾನುವಾರದ ರಜೆ ಬಿಟ್ಟು ಎಷ್ಟು ದಿನದಿಂದ ಮಾಡ್ತಿದೀವಿ, ಒಂದೇ ರಿಂಗಿಗೆ ಕಟ್ ಮಾಡ್ತೀರಲ್ಲಾ ಸಾರ್!"

"ಈ... ಈ ನಂಬರ್ ನಿಮಗೆ ಯಾರು ಕೊಟ್ರು?"

"ನೀವೇ ಸಾರ್, ಬಿಲ್ ಹಾಕಿಸುವಾಗ!"

ಪ್ರಮೋದಾ ಸೊಂಟಕ್ಕೆ ಕೈಯಿಟ್ಟಳು. "ಅಂಗಡಿಯೋರಿಗೆಲ್ಲ ಪಂಪಿನ ನಂಬರ್ ಕೊಟ್ಟಿದೀರಾ?"

"ಬೇಡದ ಕರೆ ಎಲ್ಲಾ ಪಂಪಿಗೆ ಹೋಗ್ಲಿ ಅಂತ..." ಎಂದ ಜಯಕುಮಾರ್.

"ಭಲೇ!" ಎಂದರು ನರಸಿಂಹಯ್ಯ. "ಇವತ್ತೇ ಹೊಸಕೋಟೆಗೆ ನಡಿ. ಶಕುನ ಅಲ್ಲ, ನನ್ನ ಬುದ್ಧಿವಂತಿಕೆ ಅಂತ ನಿನ್ನ ಬಾಯಿಂದ್ಲೇ ಹೇಳು. ಬರಿಗೈಲಿ ಹೋಗ್ಬೇಡ ಮತ್ತೆ!"

ಮಾನ ಹೋದರೂ ಬಹುಮಾನವಾದರೂ ಉಳಿದಿದೆಯಲ್ಲ! ಜಯಕುಮಾರ್ ಆಸೆಯಿಂದ ಫೋನಿನತ್ತ ಬಾಗಿದ.

"ಏನಮ್ಮಾ ಬಹುಮಾನ? ಸ್ಕೂಟರಾ?"

"ಇಲ್ಲ ಸಾರ್. ಒಂದು ಬಿಳಿ ಪಂಚೆ."