ಕೋಣೆಯೊಳಗಿನ ಫಾರಿನ್ ರಸ್ತೆ

ಯಂತ್ರ ಕೆಟ್ಟರೆ ಸರಿಮಾಡಬಹುದು. ಆದರೆ ಯಂತ್ರ ಸರಿಯಾಗಿಯೇ ಇದ್ದು, ಬಂದವರು ಅದಕ್ಕಿಂತ ದೊಡ್ಡದೊಂದನ್ನು ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದರೆ ಯಾವ ಮೆಕಾನಿಕ್ಕೂ ಏನೂ ಮಾಡಲಾರ. ಎಂಬತ್ತರ ದಶಕದಲ್ಲಿ ಮಣಿಪಾಲದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ ನನಗೆ ಇಂಥದ್ದು ವಾರಕ್ಕೊಂದಾದರೂ ಎದುರಾಗುತ್ತಿತ್ತು. ತಪ್ಪು ಬಂದವರದ್ದು ಎನ್ನುವಂತಿಲ್ಲ. ಇಲ್ಲದ್ದನ್ನು ಹೊಗಳಿ ಆಸೆ ಹುಟ್ಟಿಸುವವರಲ್ಲಿ ಮೊದಲಿಗ ನಾನೇ.

೧. ಅಜ್ಜಿಯ ಮಂಚ

ಅಂಗಡಿ ಹಾಕುವ ಮೊದಲು ನಾನು ಉಡುಪಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಒಮ್ಮೆ ಕಾಪುವಿನ ಒಂದು ಬ್ಯಾರಿ ಮುಸ್ಲಿಮರ ಮನೆಯಿಂದ ಕರೆ ಬಂತು. ದುಬೈಯಲ್ಲಿದ್ದ ಹಿರಿಮಗ ಟಿವಿಗೆ ಜೋಡಿಸುವ ಟೆನಿಸ್ ಆಟವೊಂದನ್ನು ಕಳುಹಿಸಿದ್ದ. "ಇನ್ನು ಮನೆಯೊಳಗೇ ಟೆನಿಸ್ ಆಡಬಹುದು" ಎಂದು ಆರು ತಿಂಗಳಿಂದ ಪ್ರತಿ ಪತ್ರದಲ್ಲೂ ಬರೆಯುತ್ತಿದ್ದನಂತೆ.

ನಾನು ಹೋಗುವಾಗ ಮನೆಯ ಎದುರಿನ ಚಾವಡಿ ಪೂರ್ತಿ ಖಾಲಿ. ಗಾಜಿನ ಕಪಾಟಿಗೆ ಚಾಪೆ ಸುತ್ತಿದ್ದರು. ಅಜ್ಜಿಯ ಮಂಚ ಅಂಗಳಕ್ಕೆ ಹೋಗಿತ್ತು, ಅಜ್ಜಿ ಅದರ ಮೇಲೆಯೇ ಕೂತಿದ್ದರು. ಕಿರಿಮಗ ಬಿಳಿ ಬೂಟು ಹಾಕಿ ತಯಾರಾಗಿದ್ದ.

ವೈರು ಜೋಡಿಸಿದೆ. ಪರದೆಯ ಎರಡು ಬದಿಯಲ್ಲಿ ಎರಡು ಗೀಟು, ನಡುವೆ ಒಂದು ಚುಕ್ಕೆ. ಅಜ್ಜಿ ಎದ್ದು ಬಂದು ಇಣುಕಿದರು.

"ಚೆಂಡು ಎಲ್ಲಿ ಉಂಟು?"

ಚುಕ್ಕೆ ತೋರಿಸಿದೆ.

"ಆಡುವವರು?"

ಗೀಟು ತೋರಿಸಿದೆ.

ಅಜ್ಜಿ ಚುಕ್ಕೆಯನ್ನು ಸ್ವಲ್ಪ ಹೊತ್ತು ನೋಡಿ ನನಗೆ ಹೇಳಿದರು: "ಇಷ್ಟು ಸಣ್ಣ ಚೆಂಡಿಗೆ ನನ್ನ ಮಂಚ ಎಲ್ಲಿ ಅಡ್ಡ ಬರ್ತಿತ್ತು ಮಾರಾಯ?"

೨. ಹೊಗೆ

ಅಂಗಡಿ ಹಾಕಿದ ಮೇಲೆ ಬೊಂಬಾಯಿಯಿಂದ ಆಕಾಶಯುದ್ಧದ ಯಂತ್ರವೊಂದನ್ನು ತರಿಸಿದೆ. ಅದು ಬರುವ ಒಂದು ತಿಂಗಳ ಮೊದಲೇ ಬಾಗಿಲಲ್ಲಿ "ಬರುತ್ತಿದೆ!" ಎಂದು ಬೋರ್ಡು. ಹಾಸ್ಟೆಲಿನ ಹುಡುಗರು ಕೇಳಿದಾಗಲೆಲ್ಲ ನಾನು ಒಂದೊಂದು ಸೇರಿಸಿದೆ. ಮೊದಲ ವಾರ, ಕಿವಿ ತೂತಾಗುವ ಸದ್ದು ಎಂದೆ. ಎರಡನೇ ವಾರ, ನೆಲ ಅದುರುತ್ತದೆ ಎಂದೆ. ಹೊಗೆ ಸೇರಿಸಿದವನು ನಾನಲ್ಲ, ಅದು ಹಾಸ್ಟೆಲಿನಲ್ಲಿಯೇ ಹುಟ್ಟಿದ್ದು.

ಯಂತ್ರ ಬಂತು. ನಿಜ ಹೇಳುತ್ತೇನೆ, ಆಟ ಬಹಳ ಚೆನ್ನಾಗಿತ್ತು. ಆದರೆ ಹುಡುಗರು ಆಡಿ ಎದ್ದವರೆಲ್ಲ ಸಾವಿನ ಮನೆಯಿಂದ ಬಂದವರ ಹಾಗೆ. "ಇಷ್ಟೇನಾ? ಹೊಗೆ ಎಲ್ಲಿ?"

ನಾಲ್ಕನೇ ದಿನ ಸಂಜೆ ವೋಲ್ಟೇಜ್ ಏರಿ ಯಂತ್ರದ ಹಿಂದೆ ಏನೋ ಸುಟ್ಟುಹೋಯಿತು. ಅಂಗಡಿ ಭರ್ತಿ ಕರಿಹೊಗೆ. ನಾನು ಬೊಬ್ಬೆ ಹಾಕುತ್ತಾ ಮೇನ್ ಸ್ವಿಚ್ಚಿಗೆ ಓಡಿದೆ. ಹುಡುಗರು ಕೆಮ್ಮುತ್ತಾ ಚಪ್ಪಾಳೆ ತಟ್ಟಿದರು.

ರಿಪೇರಿಗೆ ಒಂದು ವಾರ ಬೇಕಾಯಿತು. ಮತ್ತೆ ಬಾಗಿಲು ತೆರೆದ ದಿನ ಉದ್ದನೆಯ ಸಾಲು. ಮುಂದೆ ನಿಂತಿದ್ದವನು ಬಹಳ ಮರ್ಯಾದೆಯಿಂದ ಕೇಳಿದ: "ಸರ್, ಹೊಗೆ ಬರುವುದು ಎಷ್ಟು ಗಂಟೆಗೆ?"

೩. ಕಂಪ್ಯೂಟರ್ ಅಳಿಯ

ಅಷ್ಟರಲ್ಲಿ ನನಗೂ ಮದುವೆಯ ವಯಸ್ಸು ಮೀರತೊಡಗಿತ್ತು. ದಲ್ಲಾಳಿ ನನ್ನನ್ನು ಎಲ್ಲ ಕಡೆ "ಕಂಪ್ಯೂಟರ್ ಹುಡುಗ" ಎಂದು ಹೊಗಳಿಕೊಂಡು ಬಂದಿದ್ದ. ನಿಟ್ಟೆಯ ಒಂದು ಮನೆಯಲ್ಲಿ ಅವಲಕ್ಕಿ ತಿಂದು ಮುಗಿಸುವ ಮೊದಲೇ ಹುಡುಗಿಯ ಅಪ್ಪ ಮಗನ ಪಿಯುಸಿ ರಿಜಿಸ್ಟರ್ ನಂಬರ್ ಹಿಡಿದು ತಂದರು. "ಪಾಸಾ ಫೇಲಾ, ನಿಮ್ಮ ಕಂಪ್ಯೂಟರಿನಲ್ಲಿ ಸ್ವಲ್ಪ ನೋಡಿ ಹೇಳಿ." ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು.

ನನಗೆ ಗೊತ್ತಾಗುವುದಿಲ್ಲ ಎಂದೆ. "ಹುಡುಗ ಇನ್ನೂ ಕಲಿಯುತ್ತಿದ್ದಾನೆ" ಎಂದು ಸಂಬಂಧ ಬಿಟ್ಟರು.

೪. ಟೈಮ್

ಆಮೇಲೆ ಕಾರ್ಕಳದ ಹುಡುಗಿ. ನೋಡಿದ ದಿನವೇ ನನಗೆ ತುಂಬ ಹಿಡಿಸಿದಳು, ಅವಳೂ ಒಪ್ಪಿದಳು. ಇವಳು ತಪ್ಪಿಹೋದರೆ ಇನ್ನು ಮದುವೆಯೇ ಬೇಡ ಎನ್ನುವಷ್ಟು ನಾನು ಕರಗಿಹೋಗಿದ್ದೆ. ಉಳಿದಿದ್ದದ್ದು ಅವಳ ಅಪ್ಪನ ಒಪ್ಪಿಗೆ. ಅವರು ಉಡುಪಿ-ಕಾರ್ಕಳ ಖಾಸಗಿ ಬಸ್ಸಿನ ಡ್ರೈವರ್. ನನ್ನಲ್ಲಿ ಎರಡು ತಿಂಗಳ ಹಿಂದೆ ಕಾರ್ ರೇಸಿನ ಯಂತ್ರ ಬಂದಿತ್ತು. ದಲ್ಲಾಳಿ ಅವರಿಗೆ, "ಹುಡುಗನ ಕೋಣೆಯೊಳಗೆ ಫಾರಿನ್ ರಸ್ತೆ ಉಂಟು, ಫಾರಿನ್ ಕಾರು ಉಂಟು, ನೀವೇ ಬಿಟ್ಟು ನೋಡಿ" ಎಂದುಬಿಟ್ಟಿದ್ದ.

ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಖಾಕಿಯಲ್ಲಿ ಬಂದರು. ಹುಡುಗಿಯ ಕಡೆಯ ಹಿರಿಯರೆಂದು ಜೊತೆಗೆ ಬಂದವನು ಅವರ ಬಸ್ಸಿನ ಕಂಡಕ್ಟರ್.

"ಬಸ್‌ಸ್ಟ್ಯಾಂಡಿನಲ್ಲಿ ಫಾರಿನ್ ಕಾರು ಬಿಡಲಿಕ್ಕೆ ಹೋಗುವುದೆಂದು ಎಲ್ಲರಿಗೂ ಹೇಳಿಯೇ ಬಂದದ್ದು" ಎಂದರು ಡ್ರೈವರ್. ಅವರನ್ನು ಯಂತ್ರದ ಮುಂದೆ ಕರೆದುಕೊಂಡು ಹೋದೆ.

ಒಂದು ಕುರ್ಚಿ, ಒಂದು ಸ್ಟೇರಿಂಗ್, ಎರಡು ಪೆಡಲ್, ಗಾಜಿನ ಹಿಂದೆ ಬಣ್ಣದ ರಸ್ತೆ. ಅವರ ಮುಖ ಇಳಿಯಿತು.

"ಫಾರಿನ್ ರಸ್ತೆ ಇದೇನಾ?"

"ಇದೇ."

"ಹಾರ್ನ್ ಎಲ್ಲಿ ಉಂಟು?"

"ಇಲ್ಲ."

"ಹಾರ್ನ್ ಇಲ್ಲದೆ ಎಂತ ಗಾಡಿ ಮಾರಾಯ್ರೆ!"

ಆದರೂ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಕಂಡಕ್ಟರ್ ಅವರ ಹಿಂದೆ ನಿಂತು, ಬಸ್ ಹೊರಡಿಸುವ ಹಾಗೆಯೇ "ರೈಟ್, ಪೋಯಿ!" ಎಂದ.

ಬಿಟ್ಟರು ನೋಡಿ! ಹಾಸ್ಟೆಲಿನ ಹುಡುಗರು ವಾರಗಟ್ಟಲೆ ಒದ್ದಾಡಿದ ತಿರುವುಗಳನ್ನು ಒಂದೇ ಕೈಯಲ್ಲಿ ತಿರುಗಿಸಿದರು. ಸಿಕ್ಕಿದ ಕಾರನ್ನೆಲ್ಲ ಹಿಂದೆ ಹಾಕಿದರು. ಹುಡುಗರು ತಮ್ಮ ಆಟ ಬಿಟ್ಟು ಸುತ್ತ ನೆರೆದರು. ಗುರಿ ಹತ್ತಿರ ಬಂತು, ನನ್ನ ಮದುವೆಯೂ ಆದ ಹಾಗೆಯೇ ಎಂದು ನಾನು ಹಿಗ್ಗುತ್ತಿದ್ದಾಗ ಅವರು ಗಕ್ಕನೆ ಬ್ರೇಕ್ ಹಾಕಿದರು.

ರಸ್ತೆಯ ಬದಿಯಲ್ಲಿ ರೇಸ್ ನೋಡಲು ನಿಂತ ಜನರ ಚಿತ್ರವಿತ್ತು. ಎಲ್ಲರೂ ಕೈ ಎತ್ತಿದ್ದರು.

"ನಿಲ್ಲಿಸಬೇಡಿ, ಬಿಡಿ, ಬಿಡಿ!" ಎಂದು ಕೂಗಿದೆ.

"ಜನ ಕೈ ತೋರಿಸುವುದು ಕಾಣುವುದಿಲ್ವಾ ನಿಮಗೆ?"

"ಅದು ಬರೀ ಚಿತ್ರ!"

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಉಳಿದ ಸಮಯ ತೋರಿಸುತ್ತಿದ್ದ ಅಂಕೆ ಇಳಿದಿಳಿದು ಸೊನ್ನೆಯಾಯಿತು. ಯಂತ್ರ ಕುಂಯ್ ಎಂದು ನಿಂತಿತು.

"ಎಂತಾಯ್ತು?"

"ಟೈಮ್ ಮುಗಿಯಿತು" ಎಂದೆ.

ನಿಮಿಷದ ಲೆಕ್ಕದಲ್ಲಿ ಪೈಪೋಟಿಗೆ ಓಡುವ ನಮ್ಮ ಕಡೆಯ ಬಸ್ ಡ್ರೈವರಿಗೆ ಹೇಳಬಾರದ ಮಾತು ಅದೊಂದೇ. "ಇಪ್ಪತ್ತು ವರ್ಷ ಬಸ್ ಬಿಟ್ಟವನಿಗೆ ಈ ಪೆಟ್ಟಿಗೆ ಟೈಮ್ ಹೇಳುವುದಾ? ನಿಂತ ಜನರನ್ನು ಹಿಂದಿನ ಬಸ್ಸಿಗೆ ಬಿಟ್ಟು ಹೋಗಬೇಕಿತ್ತಾ ನಾನು?"

ಹುಡುಗರು ಗೊಳ್ಳೆಂದು ನಕ್ಕರು. ಡ್ರೈವರ್ ಮುಖ ಕೆಂಪಾಯಿತು. ಎದ್ದು, ಅಂಗಿ ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಬಾಗಿಲಿಗೆ ನಡೆದರು. ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ.

ಹೊಸ್ತಿಲಲ್ಲಿ ಅವರು ತಿರುಗಿ ಕಂಡಕ್ಟರನನ್ನು ಗಂಭೀರವಾಗಿ ಕೇಳಿದರು: "ಜನ ಎಷ್ಟು ಹತ್ತಿದರು?"

ಕಂಡಕ್ಟರ್ ಪರದೆಯನ್ನು ನೋಡಿದ. ಬೆವರುತ್ತಿದ್ದ ನನ್ನನ್ನು ನೋಡಿದ. ಆಮೇಲೆ ಚೂರೂ ನಗದೆ ಹೇಳಿದ: "ಫುಲ್ ಅಣ್ಣ. ಮೆಟ್ಟಿಲಲ್ಲೂ ಜಾಗ ಇಲ್ಲ."

ಡ್ರೈವರ್ ಮುಖ ಅರಳಿತು. ವಾಪಸ್ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಟೈಮ್ ಹೋದರೆ ಹೋಗಲಿ. ರೂಟ್ ಒಳ್ಳೆದುಂಟು. ಮದುವೆಗೆ ದಿನ ನೋಡುವ."